ಸ್ಟೋರ್ ರೂಮಿನ ಕಚೇರಿ

ಮನೆಯಲ್ಲಿ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಜಾಗ ನನಗೂ ಬೇಕು ಎಂದು ಕೇಳುವುದಕ್ಕೆ ನಾನು ಮೂರು ದಿನ ಕೂತು ಭಾಷಣ ತಯಾರಿಸಿದ್ದೆ. ಪಠ್ಯಪುಸ್ತಕಗಳ ಕರಡು ತಿದ್ದುವುದು ನನ್ನ ಉದ್ಯೋಗ. ಎರಡು ವರ್ಷದಿಂದ ಅದು ಕುವೆಂಪುನಗರದ ನಮ್ಮ ಮನೆಯ ಊಟದ ಮೇಜಿನ ಮೇಲೇ ನಡೆಯುತ್ತಿತ್ತು. ಊಟದ ಹೊತ್ತಿಗೆ ಲ್ಯಾಪ್‌ಟಾಪು ಫ್ರಿಜ್ಜಿನ ಮೇಲೆ ಹತ್ತಬೇಕು, ಊಟವಾದ ಮೇಲೆ ಮೇಜು ಒರೆಸಿ ಅದನ್ನು ಇಳಿಸಬೇಕು. ಐದನೇ ತರಗತಿಯ ಪಾಠವೊಂದರಲ್ಲಿ ಸಾರಿನ ಹನಿಯನ್ನು ಅಲ್ಪವಿರಾಮ ಎಂದುಕೊಂಡು ತಿದ್ದಿದ್ದೂ ಉಂಟು. ಕೊನೆಗೊಂದು ದಿನ ವಿಡಿಯೋ ಮೀಟಿಂಗಿನ ನಡುವೆ ನಮ್ಮ ಯಜಮಾನರು ಬನಿಯನ್-ಟವೆಲ್ಲಿನಲ್ಲಿ ನನ್ನ ಬೆನ್ನ ಹಿಂದೆ ಬಂದು, ನಿಧಾನವಾಗಿ ಆರಿಸಿ ಒಂದು ಬಾಳೆಹಣ್ಣು ಕಿತ್ತುಕೊಂಡು ಹೋದರು. ಅವತ್ತೇ ಭಾಷಣ ಬರೆಯಲು ಕೂತೆ.

ಅದರಲ್ಲಿ ಹೆಣ್ಣಿನ ದುಡಿಮೆ, ಹೆಣ್ಣಿನ ಏಕಾಂತ, ಶತಮಾನಗಳ ಮೌನ ಎಲ್ಲವೂ ಇತ್ತು. ಎರಡು ವಾಕ್ಯ ಮುಗಿದಿರಲಿಲ್ಲ, ಯಜಮಾನರು, "ಮಾಡ್ಕೊ, ಯಾರು ಬೇಡ ಅಂದ್ರು?" ಎಂದು ಟಿವಿ ಕಡೆ ತಿರುಗಿದರು. ಬೇಡ ಅನ್ನಲಾದರೂ ಇವರಿಗೇನಾಗಿತ್ತು! ಕೇಳಿದ್ದು ಸಿಕ್ಕಿದ ಖುಷಿಗಿಂತ ಭಾಷಣ ದಂಡವಾದ ಸಿಟ್ಟೇ ಎರಡು ದಿನ ಉಳಿಯಿತು.

ನಮ್ಮದು ಎರಡು ಬೆಡ್‌ರೂಮಿನ ಮನೆ. ಒಂದರಲ್ಲಿ ನಾವಿಬ್ಬರು. ಇನ್ನೊಂದರಲ್ಲಿ ಅತ್ತೆ ಮತ್ತು ನಮ್ಮ ಮಗಳು. ಮಗಳು ಪ್ರವೇಶ ಪರೀಕ್ಷೆಗೆ ಎರಡನೇ ಸಲ ಕೂರಬೇಕೆಂದು ದಿನವಿಡೀ ಮನೆಯಲ್ಲೇ ಗಟ್ಟಿಯಾಗಿ ಓದುತ್ತಾಳೆ. ಹಾಗಾಗಿ ನನ್ನ ಕಣ್ಣು ಅಡುಗೆಮನೆ ಪಕ್ಕದ ಸ್ಟೋರ್ ರೂಮಿನ ಮೇಲೆ ಬಿತ್ತು. ಅಲ್ಲಿದ್ದದ್ದು ಅಕ್ಕಿ ಡ್ರಮ್ಮು, ರಾಗಿ ಡಬ್ಬ, ಜಾರಿಲ್ಲದ ಒಂದು ಮಿಕ್ಸಿ, ಮಿಕ್ಸಿಯಿಲ್ಲದ ಮೂರು ಜಾರು. ಮಧ್ಯಾಹ್ನ ಎರಡಕ್ಕೆ ಅತ್ತೆ ಮೊರ ಹಿಡಿದು ಒಳಗೆ ಹೋಗಿ ಮೂರರವರೆಗೆ ಅಕ್ಕಿ ಆರಿಸುತ್ತಿದ್ದರು, ಅಷ್ಟೇ ಅದರ ಉಪಯೋಗ. ಚೀಲದ ಅಕ್ಕಿಯಲ್ಲಿ ಈಗ ಕಲ್ಲೇ ಬರುವುದಿಲ್ಲ ಎಂದು ನಾನು ಅವರಿಗೆ ಎಷ್ಟೋ ಸಲ ಪಾಠ ಹೇಳಿದ್ದೆ.

ಅವರನ್ನೂ ಒಂದು ಮಾತು ಕೇಳಿದೆ. ಕೇಳದಿದ್ದರೆ ಚೆನ್ನಾಗಿರುವುದಿಲ್ಲವಲ್ಲ.

"ತಕ್ಕೊ ಕಣಮ್ಮ, ನಂಗ್ಯಾಕೆ ಆ ರೂಮು?" ಅಂದರು. ಸ್ವಲ್ಪ ತಡೆದು, "ಬೇರೆ ಎಲ್ಲಾರ ಕೂತ್ಕತೀನಿ ಬುಡು" ಎಂದರು.

ಆ ಎರಡನೆಯ ಮಾತು ನನ್ನ ಕಿವಿಯ ಮೇಲೆ ಬಿತ್ತು, ಒಳಗೆ ಹೋಗಲಿಲ್ಲ.

ಒಂದೇ ವಾರದಲ್ಲಿ ಕಚೇರಿ ಸಿದ್ಧವಾಯಿತು. ಅಕ್ಕಿ ಡ್ರಮ್ಮು ಅಡುಗೆಕಟ್ಟೆಯ ಕೆಳಗೆ ಹೋಯಿತು, ಗೋಡೆಗೆ ಪಿಸ್ತಾ ಬಣ್ಣ ಬಂತು. ಕ್ಯಾಮೆರಾದಲ್ಲಿ ಕಾಣುವ ಹಾಗೆ ನಾಲ್ಕು ದಪ್ಪ ಪುಸ್ತಕ ಜೋಡಿಸಿದೆ. ಬಾಗಿಲು ಹಾಕಿಕೊಂಡು ಕುರ್ಚಿಯಲ್ಲಿ ಕೂತೆ. ಎಂಥ ನಿಶ್ಶಬ್ದ! ಐದು ನಿಮಿಷಕ್ಕೆ ತಡೆಯಲಾಗಲಿಲ್ಲ. ಗೇಟು ಸದ್ದಾಯಿತಲ್ಲ, ಯಾರು? ಹಾಲು ಒಲೆಯ ಮೇಲಿದೆಯಾ? ಹೋರಾಡಿ ಪಡೆದ ಬಾಗಿಲನ್ನು ನಾನೇ ಒಂದು ಗೇಣು ತೆರೆದಿಟ್ಟೆ. ಒಂದು ಮೀಟಿಂಗಿನಲ್ಲಂತೂ ಕುಕ್ಕರ್ ಕೂಗು ಎಣಿಸುತ್ತಾ ಕೂತವಳು ಮೈಮರೆತು, "ಮೂರಾಯ್ತು, ಆರ್ಸಿ ಅತ್ತೆ!" ಎಂದು ಕೂಗಿಬಿಟ್ಟೆ. ಮೈಕು ಆನ್ ಇತ್ತು. ಅಂದಿನಿಂದ ನಮ್ಮ ಸಂಪಾದಕರು ಮೀಟಿಂಗ್ ಮುಗಿಸುವುದೇ "ಮೂರು ಕೂಗಾಯ್ತಾ ಮೇಡಂ?" ಎಂದು ಕೇಳಿ.

ಈ ನಡುವೆ ಅತ್ತೆ ಮಧ್ಯಾಹ್ನಗಳಲ್ಲಿ ನನ್ನ ಬಾಗಿಲ ಹತ್ತಿರ ಸುಳಿದಾಡತೊಡಗಿದರು. "ಏನತ್ತೆ?" ಅಂದರೆ "ಏನಿಲ್ಲ." ಸೋಫಾದ ಮೇಲೆ ಕೂರುತ್ತಾರೆ, ಏಳುತ್ತಾರೆ, ಮಡಿಸಿದ ಬಟ್ಟೆಯನ್ನೇ ಬಿಚ್ಚಿ ಮಡಿಸುತ್ತಾರೆ. ನನ್ನ ಏಕಾಂತಕ್ಕೆ ಭಂಗ ಎಂದು ಬಾಗಿಲಿಗೆ "ಕೆಲಸ ನಡೆಯುತ್ತಿದೆ" ಎಂಬ ಚೀಟಿ ಅಂಟಿಸಿದೆ. ಅಚ್ಚುಕಟ್ಟಾಗಿ, ತಪ್ಪಿಲ್ಲದೆ ಬರೆದಿದ್ದೆ.

ಒಂದು ದಿನ ಒಣಗಿದ ಬಟ್ಟೆ ತರಲು ಮನೆಯ ಹಿಂದಕ್ಕೆ ಹೋದೆ. ನೀರಿನ ಮೋಟರಿನ ಪಕ್ಕ, ಬಟ್ಟೆ ಒಗೆಯುವ ಕಲ್ಲಿನ ಮೇಲೆ, ತಲೆಗೆ ಸೆರಗು ಹೊದ್ದು ಅತ್ತೆ ಕೂತಿದ್ದರು. ಮಡಿಲಲ್ಲಿ ಮೊರ, ಮೊರದಲ್ಲಿ ಎರಡು ಹಿಡಿ ಅಕ್ಕಿ. ಕೈ ಆಡುತ್ತಿರಲಿಲ್ಲ.

"ಬಿಸಿಲಲ್ಲಿ ಯಾಕತ್ತೆ? ಈ ಅಕ್ಕೀಲಿ ಕಲ್ಲಿರಲ್ಲ ಅಂತ ಎಷ್ಟು ಸಲ ಹೇಳ್ಲಿ?"

"ಗೊತ್ತು ಕಣಮ್ಮ. ಹತ್ತು ವರ್ಷದಿಂದ ಒಂದು ಕಲ್ಲೂ ಸಿಕ್ಕಿಲ್ಲ."

"ಮತ್ಯಾಕೆ ಆರಿಸ್ತೀರಿ?"

"ಮೊರ ಹಿಡ್ಕಂಡು ಕೂತಿದ್ರೆ ಯಾರೂ ಏನೂ ಕೇಳಾಕಿಲ್ಲ. ಸುಮ್ನೆ ಕೂತ್ರೆ ಒಬ್ರಾದ ಮೇಲೊಬ್ರು ಬತ್ತೀರಿ. ಉಷಾರಿಲ್ವಾ, ಬಿಪಿ ಮಾತ್ರೆ ತಕ್ಕಂಡ್ರಾ, ಯಾರಾರ ಏನಾರ ಅಂದ್ರಾ ಅಂತ. ಒಂದು ಗಂಟೆ ಒಬ್ಳೇ ಇರಾನಾ ಅಂದ್ರೆ ಅದ್ಕೂ ಒಂದು ಕೆಲ್ಸ ಬೇಕಲ್ಲ."

ದೂರಿನ ದನಿ ಅದಲ್ಲ, ಗ್ಯಾಸ್ ಮುಗಿದಿದೆ ಎಂದು ಹೇಳುವ ದನಿ. ಶತಮಾನಗಳ ಮೌನದ ಬಗ್ಗೆ ಭಾಷಣ ಬರೆದ ನಾನು, ಅದು ಪಕ್ಕದ ಕೋಣೆಯಲ್ಲಿ ಮೊರ ಹಿಡಿದು ಕೂತಿದ್ದಾಗ ಅದನ್ನೇ ಎಬ್ಬಿಸಿ ಅಲ್ಲಿ ನನ್ನ ಮೇಜು ಹಾಕಿದ್ದೆ. ಬೇರೆಯವರ ತಪ್ಪು ಹುಡುಕಿಯೇ ಸಂಬಳ ತೆಗೆದುಕೊಳ್ಳುವವಳಿಗೆ ಹತ್ತೊಂಬತ್ತು ವರ್ಷ ಒಂದೇ ಮನೆಯಲ್ಲಿದ್ದೂ ಇದು ಕಂಡಿರಲಿಲ್ಲ.

ಎರಡರಿಂದ ಮೂರರವರೆಗೆ ಆ ರೂಮು ನಿಮ್ಮದು ಎಂದೆ. "ಬ್ಯಾಡ ಬುಡು, ನಿನ್ ಕೆಲ್ಸ ಕೆಡ್ತದೆ" ಅಂದರು. ಮಾರನೆಯ ದಿನ ಎರಡಕ್ಕೆ ಸರಿಯಾಗಿ ನಾನೇ ಲ್ಯಾಪ್‌ಟಾಪು ಎತ್ತಿಕೊಂಡು ಊಟದ ಮೇಜಿಗೆ ಬಂದೆ. ಅವರು ಮೊರ ಹಿಡಿದು ಒಳಗೆ ಹೋದರು. ಆಮೇಲೆ ಅದೇ ರೂಢಿಯಾಯಿತು. ಮೂರನೇ ವಾರದಲ್ಲಿ ಒಂದು ದಿನ ನನ್ನ ಚಾರ್ಜರು ಒಳಗೇ ಉಳಿಯಿತು. ಮೀಟಿಂಗ್ ಎರಡೂವರೆಗೆ, ಬ್ಯಾಟರಿ ಕೊನೆಯುಸಿರು ಎಳೆಯುತ್ತಿತ್ತು. ಹೋಗಿ ಬಾಗಿಲು ತಟ್ಟಿದೆ.

"ಅತ್ತೆ, ಅಕ್ಕಿ ಆರಿಸ್ತಿದ್ದೀರಾ?"

"ಇಲ್ಲ," ಎಂದರು ಒಳಗಿಂದ. "ಸುಮ್ನೆ ಕೂತಿವ್ನಿ. ಮೂರು ಗಂಟೆಗೆ ಬಾ."

ನಾನು ಮೂರು ಗಂಟೆಗೆ ಹೋದೆ.