ಕೂಸಿನ ಕೌದಿಯಲ್ಲಿ ಅವ್ವನ ಸೀರೆ

ಪಕ್ಕದ ಮನೆಯ ಅಕ್ಕೋರ ಎಡಗೈ ತೋರುಬೆರಳಿನ ತುದಿ ಹಿಟ್ಟಿನ ಜರಡಿಯ ಹಾಗೆ ತೂತು ತೂತಾಗಿತ್ತು. ಕೌದಿ ಹೊಲಿಯುವಾಗ ಬಟ್ಟೆಯ ಕೆಳಗೆ ಆ ಬೆರಳು ಹಿಡಿಯುತ್ತಿದ್ದರು. ಮೇಲಿಂದ ಇಳಿದ ಸೂಜಿ ಬೆರಳಿಗೆ ಚುಚ್ಚಿದರೆ ಎಲ್ಲ ಪದರ ದಾಟಿತೆಂದು ಅರ್ಥ. ದರ್ಜಿಗಳು ಬೆರಳಿಗೆ ಹಾಕಿಕೊಳ್ಳುವ ಲೋಹದ ಟೋಪಿಯೊಂದನ್ನು ನಾನು ಹಾನಗಲ್ಲ ಪೇಟೆಯಿಂದ ತಂದುಕೊಟ್ಟಿದ್ದೆ. ಒಂದು ದಿನ ಹಾಕಿಕೊಂಡು, "ಕಣ್ಣ ಕಟಗೊಂಡು ನಡದಂಗ ಆಕ್ಕೈತಿ ತಂಗಿ" ಎಂದು ತೆಗೆದರು. ಮರುದಿನ ನೋಡಿದರೆ ಅದು ಉಪ್ಪಿನ ಡಬ್ಬಿಯಲ್ಲಿ ಚಮಚದ ಕೆಲಸಕ್ಕೆ ಸೇರಿತ್ತು.

ನಮ್ಮ ಕಡೆ ಸಾಲಿಯಲ್ಲಿ ಕಲಿಸುವ ಹೆಂಗಸರೆಲ್ಲ ಅಕ್ಕೋರೇ. ಇವರು ಹಿರೇಕೆರೂರ ಕಡೆಯ ಹಳ್ಳಿಗಳಲ್ಲಿ ಮೂವತ್ತು ವರ್ಷ ಕಲಿಸಿ, ನಿವೃತ್ತರಾಗಿ ನಮ್ಮ ಓಣಿಗೆ ಬಂದವರು. ಮನೆ ಮನೆಯಿಂದ ಹಳೆ ಸೀರೆ ಕೇಳಿ ತಂದು, ಅಂಗೈ ಅಗಲದ ತುಂಡು ಮಾಡಿ, ಕೂಸು ಸುತ್ತುವಷ್ಟು ಸಣ್ಣ ಕೌದಿ ಹೊಲಿಯುತ್ತಿದ್ದರು. ಪ್ರತಿ ಬುಧವಾರ ಅವನ್ನು ಚೀಲದಲ್ಲಿ ತುಂಬಿಕೊಂಡು ಹೆರಿಗೆ ದವಾಖಾನೆಗೆ ಹೋಗಿ, ಬರಿಗೈಯಲ್ಲಿ ಬಂದ ಬಾಣಂತಿಯರಿಗೆ ಕೊಡುತ್ತಿದ್ದರು. ಸವಣೂರಿನ ಅವರ ತಮ್ಮ ಬಂದಾಗಲೆಲ್ಲ, "ಪೆನ್ಶನ್ ತಗೊಂಡು ಆರಾಮ ಕುಂಡ್ರೂದು ಬಿಟ್ಟು ಊರ ಚಿಂದಿ ಆರಸ್ತಾಳ ನಮ್ಮಕ್ಕ" ಎಂದು ಕೆಣಕುತ್ತಿದ್ದ. "ಮೂವತ್ತು ವರ್ಷ ಪಗಾರಕ್ಕ ದುಡದೇನಿ. ಇದು ನನ್ನ ಸಲುವಾಗಿ" ಎನ್ನುತ್ತಿದ್ದರು ಅಕ್ಕೋರು.

ಅದು ನಿಜವೂ ಆಗಿತ್ತು. ಗಿಳಿಹಸಿರಿನ ಪಕ್ಕ ಇಟ್ಟಂಗಿ ಕೆಂಪು ಕೂರಬೇಕೋ ನೀಲಿ ಕೂರಬೇಕೋ ಎಂದು ತುಂಡುಗಳನ್ನು ನೆಲದ ಮೇಲೆ ಹರವಿಕೊಂಡು ಅರ್ಧ ದಿನ ಕಳೆಯುತ್ತಿದ್ದರು. ಒಲೆಯ ಮೇಲಿನ ಬ್ಯಾಳಿ ಸೀದ ವಾಸನೆ ನನ್ನ ಮನೆಗೆ ಬರುತ್ತಿತ್ತು, ಅವರಿಗೆ ಬರುತ್ತಿರಲಿಲ್ಲ. ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೆ ನಾಲ್ಕು ಅಕ್ಕಿಕಾಳು ಹಾಕುತ್ತಿದ್ದರು. "ಹಸದ ಕೌದಿ ನಿದ್ದಿ ಕೊಡಂಗಿಲ್ಲ."

ನನ್ನ ಅವ್ವ ಅಕ್ಕಿಆಲೂರ ಸಂತೆಯಲ್ಲಿ ಮೆಂತ್ಯ, ರಾಜಗಿರಿಯಂಥ ತಪ್ಪಲಪಲ್ಲೆ ಮಾರುತ್ತಿದ್ದಳು. ಹಾಸಿಗೆ ಹಿಡಿದಾಗ ನಾನು ಕೆಲಸ ಬಿಟ್ಟು ಆಕೆಯ ಸೇವೆಗೆ ನಿಂತೆ. ಮೂರು ವರ್ಷಕ್ಕೆ ಆಕೆ ಹೋದಳು. ಮೂವತ್ತೆಂಟರ ವಯಸ್ಸಿಗೆ ನನಗೆ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ, ಗೋಡೆ ನೋಡುತ್ತ ಕೂತುಬಿಟ್ಟೆ. ಬಂದ ಮಂದಿ ಸಮಾಧಾನ ಹೇಳಿ ಚಹಾ ಕುಡಿದು ಹೋದರು. ಅಕ್ಕೋರು ಮಾತ್ರ ನನ್ನ ಉಡಿಯಲ್ಲಿ ಬಟ್ಟೆ, ಸೂಜಿ, ದಾರ ಇಟ್ಟರು. "ಅಳೂದಿದ್ರ ಅಳು. ಕೈ ಖಾಲಿ ಇಟಗೊಂಡು ಅಳಬ್ಯಾಡ." ಹೀಗೆ ನಾನೂ ಹೊಲಿಯತೊಡಗಿದೆ, ಬುಧವಾರ ಅವರ ಹಿಂದೆ ಚೀಲ ಹೊತ್ತು ಹೋಗತೊಡಗಿದೆ. ಮೊದಲ ಸಲ ಒಂದು ಕೂಸು ನಾನು ಹೊಲಿದ ಕೌದಿಯೊಳಗೆ ಆಕಳಿಸಿದ್ದು ನೋಡಿ, ಅವ್ವ ಹೋದ ಮೇಲೆ ಅಂದೇ ಹೊಟ್ಟೆತುಂಬ ಉಂಡೆ.

ಸೀರೆ ಇಸಿದುಕೊಳ್ಳುವಾಗ ಅಕ್ಕೋರು ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಉಟ್ಟಾಕಿ ಗಟ್ಟಿ ಅದಾಳಿಲ್ಲೊ?" ತೀರಿಕೊಂಡವರ ಸೀರೆಯಾದರೆ ಕೈಮುಗಿದು ಮರಳಿಸುತ್ತಿದ್ದರು. ಸಾಲಿ ಕಲಿಸಿದವರು ಇದನ್ನೆಲ್ಲ ನಂಬುತ್ತೀರಾ ಎಂದು ನಾನೊಮ್ಮೆ ಕೇಳಿದೆ. "ನಾ ನಂಬತೇನೋ ಇಲ್ಲೋ, ಬಾಣಂತಿ ನಂಬತಾಳ. ಆಕಿ ಮನಸಿನ್ಯಾಗ ಮುಳ್ಳ ಯಾಕ ಚುಚ್ಚೂದು?" ಎಂದರು.

ಇಷ್ಟು ಗೊತ್ತಿದ್ದೂ ನಾನು ಆ ಕೆಲಸ ಮಾಡಿದೆ. ಅವ್ವನ ಬದನೆಕಾಯಿ ಬಣ್ಣದ ಸೀರೆ, ಹಳದಿ ಚೌಕಡಿಯದು, ಟ್ರಂಕಿನಲ್ಲಿತ್ತು. ಒಂದು ಮಧ್ಯಾಹ್ನ ಅದರ ಸೆರಗಿನಿಂದ ಅಂಗೈ ಅಗಲ ಕತ್ತರಿಸಿ, ನಾನು ಹೊಲಿಯುತ್ತಿದ್ದ ಕೌದಿಯ ನಡುವೆ ಹಚ್ಚಿದೆ. ಅಕ್ಕೋರಿಗೆ ಹೇಳಲಿಲ್ಲ.

ಆ ಕೌದಿ ಹೋದದ್ದು ಅಕ್ಕಿಆಲೂರಿನ ಒಂದು ಗಂಡುಕೂಸಿಗೆ. ಐದನೇ ದಿನ ಅದಕ್ಕೆ ಜ್ವರ ಏರಿ ಹುಬ್ಬಳ್ಳಿಗೆ ಒಯ್ದರು. ದೇವರ ದಯೆ, ಉಳಿಯಿತು. ಮುಂದಿನ ಬುಧವಾರ ಕೂಸಿನ ಅಜ್ಜಿ ವಾರ್ಡಿನಲ್ಲಿ ನಮ್ಮ ದಾರಿ ಕಾಯುತ್ತಿದ್ದಳು. ಕೌದಿ ಬಿಚ್ಚಿ ಅಕ್ಕೋರ ಮುಖದ ಮುಂದೆ ಹಿಡಿದಳು. "ಈ ಸೀರಿ ನನಗ ಗೊತ್ತೈತಿ. ಸಂತ್ಯಾಗ ನನ್ನ ಮಗ್ಗಲಕ್ಕ ಪಲ್ಲೆ ಮಾರಾಕಿದು. ಆಕಿ ಸತ್ತು ವರ್ಷ ಆಗಿಲ್ಲ. ಸತ್ತಾಕಿ ಸೀರಿ ನನ್ನ ಮೊಮ್ಮಗಗ ಹೊಚ್ಚೀರೆಲ್ಲ, ಕೈಯರ ಹೆಂಗ ಬಂತ್ರಿ ನಿಮಗ?"

ಆ ಪಲ್ಲೆ ಮಾರುವಾಕೆಯ ಮಗಳು ಎದುರಿಗೇ ಚೀಲ ಹಿಡಿದು ನಿಂತಿದ್ದಾಳೆಂದು ಆಕೆಗೆ ಗೊತ್ತಿರಲಿಲ್ಲ. ನಾಚಿಕೆಪಟ್ಟು ನಾನು ಸಂತೆಗೆ ಯಾವತ್ತೂ ಹೋದವಳಲ್ಲ. ಅಕ್ಕೋರು ಕೌದಿ ತಿರುವಿ ಹೊಲಿಗೆ ನೋಡಿದರು. ನನ್ನವು ಉದ್ದುದ್ದ ಹೊಲಿಗೆ, ಅವರಿಗೆ ಗುರುತು ಸಿಗದಿದ್ದೀತೇ? ಒಮ್ಮೆ ನನ್ನ ಕಡೆ ನೋಡಿ, ಆಕೆಗೆ ಕೈಮುಗಿದರು. "ನನ್ನ ತಪ್ಪಾತ್ರಿ ಯವ್ವಾ. ಕೇಳಲಾರದ ಹಚ್ಚೇನಿ."

ನಾನು ತಲೆ ತಗ್ಗಿಸಿ ಚೀಲದೊಳಗಿನ ಕೌದಿಗಳನ್ನು ಸರಿಪಡಿಸುತ್ತ ನಿಂತೆ. ಅಷ್ಟರಲ್ಲಿ ಮಂದಿ ಕೂಡಿತು, ಬಾಣಂತಿಯರು ಹೊದಿಸಿದ ಕೌದಿ ತೆಗೆದು ಬದಿಗಿಡತೊಡಗಿದರು. ದೊಡ್ಡ ಸಿಸ್ಟರ್ ಬಂದು, "ಅಕ್ಕೋರ, ಸ್ವಲ್ಪ ದಿವ್ಸ ನೀವು ಬರೂದು ಬ್ಯಾಡ್ರಿ" ಎಂದರು. ಆ ಸ್ವಲ್ಪ ದಿವಸ ಮುಗಿಯಲೇ ಇಲ್ಲ.

ಮನೆಗೆ ಬಂದ ಮೇಲೆ ಅಕ್ಕೋರು, "ಯಾಕ ಹಚ್ಚಿದಿ?" ಎಂದು ಕೇಳಿದರು.

"ನಮ್ಮವ್ವ ಯಾವುದಾರ ಕೂಸಿನ ಮೈಮ್ಯಾಲೆ ಬೆಚ್ಚಗ ಇರ್ಲಿ ಅಂತ್ರಿ."

ಬಾಗಿಲು ಹಾಕಿಕೊಂಡರು. ಮೂರು ದಿನ ನನಗೆ ತೆರೆಯಲಿಲ್ಲ. ನಾಲ್ಕನೇ ದಿನ, ಸಿಸ್ಟರಿಗೆ ನಿಜ ಹೇಳಿ ಬರುತ್ತೇನೆಂದು ಹೊರಟೆ. "ಈಗ ಹೇಳಿದ್ರ ಇಬ್ಬರಿಗೂ ಬಾಗಲಾ ಹಾಕ್ತಾರ. ಹೊಲದ ಕೌದಿ ಯಾರ ಒಯ್ಯಬೇಕು? ಸುಮ್ನ ನೀ ಹೋಗು" ಎಂದರು. ನಾನು ಹ್ಞೂಂ ಅಂದೆ. ಅದು ಅವರ ದೊಡ್ಡತನ. ನನಗೆ ಅನುಕೂಲವೂ ಆಗಿತ್ತು, ಅದನ್ನೂ ಬರೆಯಬೇಕು.

ಎರಡು ವರ್ಷ ಹೀಗೇ ನಡೆಯಿತು. ಅವರು ಹೊಲಿದರು, ನಾನು ಹಂಚಿದೆ. ಹಳೆ ಬಾಣಂತಿಯರು ಹೋಗಿ ಹೊಸಬರು ಬಂದರು, ನನ್ನನ್ನು 'ಕೌದಿ ಅಕ್ಕ' ಎಂದು ಕರೆದರು. ಸಂಜೆ ಅಕ್ಕೋರು ಸೂಜಿ ನಿಲ್ಲಿಸಿ ಕೇಳುತ್ತಿದ್ದರು: "ಕೂದಲಾ ಎಷ್ಟಿದ್ದವು? ಮುಷ್ಟಿ ಬಿಗಿ ಹಿಡದಿತ್ತೇನು? ಅತ್ತಿತೇನು?" ನಾನು ಒಂದೊಂದಾಗಿ ಹೇಳುತ್ತಿದ್ದೆ. ಒಮ್ಮೆ ಇಸ್ತ್ರಿ ಮಾಡಿದ ಸೀರೆ ಉಟ್ಟು ನನ್ನೊಡನೆ ಹೊರಟೇಬಿಟ್ಟರು. ಗೇಟಿನವರೆಗೆ ಬಂದು, "ನೀ ಒಳಗ ಹೋಗು, ನಾ ಇಲ್ಲೇ ಕುಂದರತೇನಿ" ಎಂದು ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ಕೂತರು. ನಾನು ಹೊರಬಂದಾಗ ಒಂದು ಕುಟುಂಬ ಕೂಸನ್ನು ಟಂಟಂ ಆಟೋಗೆ ಹತ್ತಿಸುತ್ತಿತ್ತು. "ನೋಡು, ನಂದ ಕೌದಿ ಅದು" ಎಂದರು. ಗಾಡಿ ಬಂಕಾಪುರದ ರಸ್ತೆಗೆ ತಿರುಗುವ ತನಕ ನೋಡುತ್ತಿದ್ದರು. ಅಂದಾದರೂ ನಾನು ಒಳಗೆ ಓಡಿ ಹೇಳಬೇಕಿತ್ತು.

ಈ ವರ್ಷ ಸಂಕ್ರಾಂತಿಯ ಮರುವಾರ ರಕ್ತದೊತ್ತಡ ಏರಿ, ಹುಬ್ಬಳ್ಳಿಗೆ ಒಯ್ಯುವಾಗ ಶಿಗ್ಗಾಂವಿ ದಾಟುವಷ್ಟರಲ್ಲಿ ಅಕ್ಕೋರು ತೀರಿಕೊಂಡರು.

ಅದಾಗಿ ಎರಡು ತಿಂಗಳಿಗೆ ವಾರ್ಡಿನಲ್ಲಿ ಅದೇ ಅಜ್ಜಿ ಕಂಡಳು. ಈ ಸಲ ಮೊಮ್ಮಗಳು. ನಾನು ಕೊಟ್ಟ ಕೌದಿಯ ಒಂದೊಂದೇ ತುಂಡು ಮುಟ್ಟಿ ನೋಡಿ, "ಇದು ಆ ಅಕ್ಕೋರು ಹೊಲದಿದ್ದು ಅಲ್ಲ ಹೌದಿಲ್ಲೊ? ಅವರದಾದ್ರ ಬ್ಯಾಡವಾ" ಎಂದಳು.

"ಇದನ್ನ ನಾನ ಹೊಲದೇನ್ರಿ. ಅವತ್ತಿಂದೂ ನಾನ ಹೊಲದಿದ್ದೆ. ಆ ಪಲ್ಲೆ ಮಾರಾಕಿ ನಮ್ಮವ್ವ. ಅಕ್ಕೋರಿಗೆ ಏನೂ ಗೊತ್ತಿರಲಿಲ್ಲ. ಈಗ ಅವರೂ ಇಲ್ರಿ."

ಬೈಯುತ್ತಾಳೆಂದು ಕಾದೆ. ಆಕೆ ನನ್ನ ಗದ್ದ ಹಿಡಿದು ಮುಖ ಎತ್ತಿ ನೋಡಿದಳು. "ನಿಮ್ಮವ್ವನ ಮಾರಿ ಹಂಗ ಐತಿ" ಎಂದಳು. ಆಮೇಲೆ ಕೂಸನ್ನು ಎತ್ತಿ ಅದೇ ಕೌದಿಯಲ್ಲಿ ಸುತ್ತುತ್ತ ಕೇಳಿದಳು:

"ಅಕ್ಕೋರು ಇದ್ದಾಗ ಯಾಕ ಹೇಳಲಿಲ್ಲವಾ?"

ಎರಡು ವರ್ಷದ ಬುಧವಾರಗಳು ಅಕ್ಕೋರವು. ಬಾಯಿ ಮುಚ್ಚಿಕೊಂಡು ಅಷ್ಟನ್ನೂ ನಾನು ನನ್ನವಾಗಿ ಮಾಡಿಕೊಂಡೆ.