ಜೀನಗಾರ ಅಣ್ಣಪ್ಪನ ಎರಡನೆಯ ಚಿತ್ರ

ಗೋಕಾಕದ ಗೊಂಬೆಗಾರ ಜೀನಗಾರ ಅಣ್ಣಪ್ಪ ಸಿನಿಮಾ ತೆಗೆದಿದ್ದ ಎಂದರೆ ಯಾರೂ ನಂಬುವುದಿಲ್ಲ. ನಂಬದಂತೆ ಮಾಡಿದವನು ಹುಕ್ಕೇರಿಯ ಶಿದ್ಲಿಂಗಪ್ಪ, ಊರೂರಲ್ಲಿ ಡೇರೆ ಹೊಡೆದು ಮೂಕಿ ಚಿತ್ರ ತೋರಿಸುತ್ತಿದ್ದ ಸಾಹುಕಾರ.

೧೯೨೬ರಲ್ಲಿ ಅವನು ಮುಂಬಯಿಯಿಂದ ಫ್ರಾನ್ಸ್ ದೇಶದ ಹಳೇ ಕ್ಯಾಮೆರಾ ತಂದ. ನಡೆಸಲು ಬಾರದೆ ಅಣ್ಣಪ್ಪನ ಮನೆಯಲ್ಲಿ ಎಸೆದುಹೋದ. ಅಣ್ಣಪ್ಪ ಅದರ ಗುಟ್ಟು ಹಿಡಿದ. ಮರದ ಗೊಂಬೆಯ ಕೈಯನ್ನು ಎಳ್ಳುಕಾಳಿನಷ್ಟು ಸರಿಸಬೇಕು, ಕ್ಯಾಮೆರಾದ ಹಿಡಿಯನ್ನು ಒಂದೇ ಪಟ ಬೀಳುವಷ್ಟು ತಿರುವಬೇಕು, ಮತ್ತೆ ಸರಿಸಬೇಕು; ಆಗ ಪರದೆಯ ಮೇಲೆ ಗೊಂಬೆ ತಾನೇ ಕೈಯಾಡಿಸುತ್ತದೆ. ಹೀಗೆ ಒಂದು ವರ್ಷ ಬೆನ್ನು ಬಾಗಿಸಿ ಕೂತು ಗೊಂಬೆಗಳ ಮದುವೆ ಮಾಡಿಸಿದ. ಶಿದ್ಲಿಂಗಪ್ಪ ಆ ಚಿತ್ರವನ್ನು ಮೂಡಲಗಿಯ ತನ್ನ ಡೇರೆಯಲ್ಲಿ ಓಡಿಸಿದಾಗ ಪರದೆಯ ಮೇಲೆ ಮೊದಲು ಬಂದದ್ದು 'ಕರ್ತೃ: ಶಿದ್ಲಿಂಗಪ್ಪ'.

ಅಣ್ಣಪ್ಪನ ಮೈಯೆಲ್ಲ ಉರಿಯಿತು. "ನನ್ನ ಹೆಸರೆಲ್ಲೈತ್ರಿ ಸಾವಕಾರ್ರ?"

"ಕ್ಯಾಮೆರಾ ಯಾರದೋ? ಗೊಂಬಿ ಮಾಡಾವಗ ಹೆಸರ್ಯಾಕ? ಗೊಂಬಿ ಬುಡಕ ಎಂದಾರ ಹೆಸರು ಬರದೀಯೇನು?"

ಮರುವರ್ಷ ಶಿದ್ಲಿಂಗಪ್ಪ ಇನ್ನೊಂದು ಚಿತ್ರ ಬೇಕೆಂದು ಬಂದ. ಅಣ್ಣಪ್ಪ ನಗುನಗುತ್ತ ಒಪ್ಪಿದ. "ನಿಮಗ ನಾಚಿಕಿ ಬ್ಯಾಡೇನ್ರಿ?" ಎಂದು ಹೆಂಡತಿ ಲಕ್ಕವ್ವ ಸಿಡುಕಿದಳು. ಅವನು ಗೊಂಬೆಯ ಮೂಗಿಗೊಂದು ನರಹುಲಿ ಕೂರಿಸಿದ. ಯಾರ ಮೂಗದು ಎಂದು ತಾಲೂಕಿಗೇ ಗೊತ್ತು. ಲಕ್ಕವ್ವ ತಾನೇ ಬಣ್ಣದ ಬಟ್ಟಲು ತಂದಿಟ್ಟಳು.

ಮುಂಬಯಿಯಲ್ಲಿ ರೀಲು ತೊಳೆಸಿ, ತನ್ನ ಹೆಸರು ಸೇರಿಸಿ ತರಿಸಿದ ಚಿತ್ರವನ್ನು ಶಿದ್ಲಿಂಗಪ್ಪ ಮುಂಚೆ ನೋಡುವವನಲ್ಲ. ಹಿರಿಯರ ನಡುವೆ ಕೂತೇ ನೋಡಬೇಕು, ಹೊಗಳಿಸಿಕೊಳ್ಳಬೇಕು. ಹುಕ್ಕೇರಿಯ ಡೇರೆಯಲ್ಲಿ ಅವನ ಹೆಸರು ಬಂತು, ಚಪ್ಪಾಳೆ ಬಿತ್ತು. ಆಮೇಲೆ ಬಂದದ್ದು ದೊಡ್ಡ ರುಮಾಲು, ಡೊಳ್ಳು ಹೊಟ್ಟೆ, ಮೂಗಿನ ಮೇಲೆ ನರಹುಲಿ. ಆ ಗೊಂಬೆ ಬಡ ಗೊಂಬೆಗಾರನ ಮನೆ ಹೊಕ್ಕು ಚಿತ್ರದ ಡಬ್ಬಿ ಕದ್ದು ಓಡಿತು. ಡೇರೆ ಹರಿಯುವಂತೆ ಜನ ನಕ್ಕರು.

"ಸಾವಕಾರ್ರು ಖರೇನ ತಮ್ಮ ಕಥಿ ತೆಗದಾರ!" ಎಂದು ಯಾರೋ ಕೂಗಿದರು.

ಶಿದ್ಲಿಂಗಪ್ಪ ಎರಡೂ ಚಿತ್ರಗಳನ್ನು ಸುಟ್ಟುಹಾಕಿದ. ಅಣ್ಣಪ್ಪನ ಸೇಡು ಇನ್ನಷ್ಟು ಹೊತ್ತಿಕೊಂಡಿತು. ಗೋಕಾಕ ರೋಡ್ ಸ್ಟೇಷನ್ನಿನಲ್ಲಿ ಬುಟ್ಟಿ ಇಟ್ಟುಕೊಂಡು ಹದಿನೈದು ವರ್ಷ ಆ ಕಳ್ಳ ಗೊಂಬೆಯನ್ನೇ ಮಾರಿದ. ಮುಪ್ಪಿನಲ್ಲಿ ಶಿದ್ಲಿಂಗಪ್ಪ ಒಂದು ದಿನ ರೈಲಿಳಿದು ಬಂದು ಕೈಮುಗಿದ.

"ಸಾಕ ಮಾಡೋ ಅಣ್ಣಪ್ಪಾ. ನನ್ನ ಮೊಮ್ಮಕ್ಕಳೂ ಇದನ್ನ ಹಿಡಕೊಂಡ ಆಡ್ತಾವು. ಆ ಚಿತ್ರ ನಿಂದ ಅಂತ ನಾಕ ಮಂದಿ ಮುಂದ ಹೇಳ್ತೇನಿ."

"ತೋರಸಾಕ ಚಿತ್ರ ಎಲ್ಲೈತ್ರಿ?"

ಅಣ್ಣಪ್ಪ ಒಂದು ಗೊಂಬೆಯನ್ನು ಎತ್ತಿ ತಲೆಕೆಳಗಾಗಿ ಹಿಡಿದ. ಬುಡದಲ್ಲಿ ಕೆಂಪು ಬಣ್ಣದಿಂದ ಬರೆದಿತ್ತು: ಅಣ್ಣಪ್ಪ ಜೀನಗಾರ, ಗೋಕಾಕ.

"ನೀವ ಹೇಳಿಕೊಟ್ಟದ್ದರಿ ಸಾವಕಾರ್ರ," ಎಂದು ಅದನ್ನು ಅವನ ಕೈಗಿಟ್ಟು, ಮುಂದಿನ ಗಿರಾಕಿಯ ಕಡೆಗೆ ತಿರುಗಿದ.