ಕಡಲಿಗೆ ಬಾಗಿಲು ಹಾಕುತ್ತಿದ್ದ ಬೊಮ್ಮಯ್ಯ

ಭಟ್ಕಳದ ಹಳೆ ಪೇಟೆಯಲ್ಲಿ ಸೂರ್ಯ ಹುಟ್ಟುವುದು ಬೊಮ್ಮಯ್ಯ ಅಂಬಿಗರು ಕೋಲೆತ್ತಿದ ಮೇಲೆ. ನಂಬದವರು ಒಂದು ಬೆಳಿಗ್ಗೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಇಲ್ಯಾಸ್ ಸಾಹೇಬರ ಹಾಸಿಗೆ ಅಂಗಡಿಯ ಹಿಂದಿನ ಅಂಗಳಕ್ಕೆ ಬಂದು ನಿಲ್ಲಲಿ. ಚಾಪೆಯ ಮೇಲೆ ಯಾಣದ ಬಂಡೆಯಷ್ಟು ಎತ್ತರದ ಹತ್ತಿಯ ರಾಶಿ. ಎರಡೂ ಕೈಯಲ್ಲಿ ಬೆತ್ತ ಹಿಡಿದ ಬೊಮ್ಮಯ್ಯ ಅದನ್ನು ಬಡಿಯುತ್ತಿದ್ದಾರೆ. ಒಂದು ಪೆಟ್ಟಿಗೆ ಎದುರುಮನೆಯ ಬೆಕ್ಕು ಸೀನುತ್ತದೆ, ಎರಡನೆಯದಕ್ಕೆ ಬೀದಿಯೇ ಸೀನುತ್ತದೆ. ಅವರ ತೋಳು ನನ್ನ ತೊಡೆಯಷ್ಟಿದೆ. ನನ್ನ ತೊಡೆ ಸಣ್ಣದೇನಲ್ಲ.

"ಗಾಳಿ ಏಳೂದರೊಳಗೆ ಮುಗೀಬೇಕು," ಎನ್ನುತ್ತಾರೆ, ಕೋಲು ನಿಲ್ಲಿಸದೆ. "ಕಡಲ ಗಾಳಿ ಬಂತಂದ್ರೆ ಸಾಹೇಬ್ರ ಬಂಡವಾಳ ಎಲ್ಲ ಶಿರಾಲಿಗೆ ಹಾರ್ತದೆ."

ಅದಕ್ಕಾಗಿಯೇ ಅವರು ಹೊನ್ನಾವರದಿಂದ ಮೊದಲ ಬಸ್ಸು ಹಿಡಿಯುತ್ತಾರೆ. ಬಿಸಿಲೇರುವ ಹೊತ್ತಿಗೆ ಹತ್ತಿ ಮೋಡವಾಗಿರುತ್ತದೆ. ಆಮೇಲೆ ಅದನ್ನು ಚೀಲಕ್ಕೆ ತುಂಬಿ, ಉದ್ದನೆಯ ಸೂಜಿಯಿಂದ ಹೊಲಿದು ಮಧ್ಯಾಹ್ನದೊಳಗೆ ಒಂದು ಹಾಸಿಗೆ, ಸಂಜೆಯೊಳಗೆ ಇನ್ನೊಂದು. ಮದುವೆಯ ಕಾಲದಲ್ಲಿ ದಿಂಬುಗಳಿಗೆ ಲೆಕ್ಕವಿಲ್ಲ. ಭಟ್ಕಳದ ಅರ್ಧ ಊರು ಇವರ ಕೈಯ ಮೇಲೆ ಗೊರಕೆ ಹೊಡೆಯುತ್ತಿದೆ, ಇನ್ನರ್ಧ ಊರು ಸರದಿಯಲ್ಲಿ ನಿಂತಿದೆ ಎಂದು ನಾನು ಎದೆ ತಟ್ಟಿ ಹೇಳಬಲ್ಲೆ.

ಆದರೆ ಬೊಮ್ಮಯ್ಯ ಹಾಸಿಗೆಯವರಲ್ಲ. ಅವರು ದೋಣಿಯವರು.

ಹೊನ್ನಾವರದಲ್ಲಿ ಶರಾವತಿ ಕಡಲಿಗೆ ಸೇರುವ ದಂಡೆಯ ಮೇಲೆ ಮರದ ದೋಣಿ ಕಟ್ಟುತ್ತಿದ್ದ ಕಾಲವೊಂದಿತ್ತು. ಬಡಗಿಗಳು ಹೆಬ್ಬಲಸಿನ ಹಲಗೆ ಜೋಡಿಸಿ, ಮೊಳೆ ಹೊಡೆದು, ಮೀಸೆ ತಿರುವಿಕೊಂಡು ಮನೆಗೆ ಹೋಗುತ್ತಿದ್ದರು. ಆಮೇಲೆ ಬರುವವರು ಬೊಮ್ಮಯ್ಯ. ಹಲಗೆ ಹಲಗೆಯ ನಡುವಿನ ಸಂದಿಗೆ ಹತ್ತಿಯ ಹುರಿ ಇಟ್ಟು, ಮೊಂಡು ಉಳಿಯಿಂದ ಒತ್ತಿ, ಮರದ ಕೊಡತಿಯಿಂದ ಬಡಿದು ಬಡಿದು ತುಂಬಬೇಕು. ಮೇಲೆ ರಾಳ ಮತ್ತು ಎಣ್ಣೆ ಕಾಯಿಸಿದ ಅಂಟು. ಸಡಿಲಾದರೆ ನೀರು ನುಗ್ಗುತ್ತದೆ, ಅತಿಯಾದರೆ ಹಲಗೆಯೇ ಬಿರಿಯುತ್ತದೆ. ಸರಿಯಾಯಿತೋ ಇಲ್ಲವೋ ಎನ್ನುವುದು ಕೊಡತಿಯ ಸದ್ದಿನಲ್ಲೇ ತಿಳಿಯಬೇಕು. ಹೊನ್ನಾವರದಿಂದ ಕುಮಟಾದವರೆಗೆ ಮುಳುಗದೆ ಉಳಿದ ದೋಣಿಗಳೆಲ್ಲ ಬೊಮ್ಮಯ್ಯನವರದ್ದೇ ಎಂದು ಹೊನ್ನಾವರದ ಅವರ ಮನೆಯಲ್ಲಿ ಕೂತು ನಾನು ಲೇಖನಕ್ಕೆ ಬರೆದುಕೊಳ್ಳುತ್ತಿದ್ದೆ. ಜಗಲಿಯಲ್ಲಿ ಬಂಗಡೆ ಮೀನು ಹೆಚ್ಚುತ್ತಿದ್ದ ಹೆಂಡತಿ ದೇವಿಯಕ್ಕ ಕತ್ತಿ ಎತ್ತಿದರು.

"ಸುಳ್ಳು ಬರೀಬೇಡಿ ಮಾರಾಯ್ರೆ. ಕುಮಟೆ ಬದಿದು ಇವ್ರ ಅಪ್ಪ ಮಾಡಿದ್ದು."

"ಅರ್ಧ ನಾನೂ ಮಾಡಿದ್ದೆ," ಎಂದರು ಬೊಮ್ಮಯ್ಯ.

"ಹೌದು, ರಾಳದ ಪಾತ್ರೆ ಹೊತ್ತಿದ್ರಿ. ಅದ್ನೂ ಒಂದ್ಸಲ ಬೀಳ್ಸಿದ್ರಿ."

ಆ ಕೆಲಸಕ್ಕೆ ಒಂದು ಪದ್ಧತಿಯಿತ್ತು. ಹೊಸ ದೋಣಿ ನೀರಿಗಿಳಿಯುವ ದಿನ, ಸಂದಿ ತುಂಬಿದವನು ಬಿಳಿ ಪಂಚೆ ಉಟ್ಟು ಅದರ ತಳದಲ್ಲಿ, ಬರಿ ಹಲಗೆಯ ಮೇಲೆ ಕೂರಬೇಕು. ದೋಣಿ ಹೊಳೆಯ ಆಚೆ ದಡ ಮುಟ್ಟುವವರೆಗೆ ಏಳುವಂತಿಲ್ಲ. ಅಲ್ಲಿ ಇಳಿದು ಎಲ್ಲರಿಗೂ ಬೆನ್ನು ತೋರಿಸಿ ನಿಲ್ಲಬೇಕು. ಪಂಚೆಯ ಹಿಂಬದಿ ಒಣಗಿದ್ದರೆ ದೋಣಿಯ ಮನೆಯ ಹೆಂಗಸು ಹೊಸ ಪಂಚೆ ಕೊಡುತ್ತಾಳೆ. ಒದ್ದೆಯಾಗಿದ್ದರೆ ದೋಣಿ ಮತ್ತೆ ದಂಡೆಗೆ, ಅವನ ಮಾನ ಹೊಳೆಗೆ. ನೆಲದ ಮೇಲೆ ಇದಕ್ಕಿಂತ ಕಠಿಣ ಪರೀಕ್ಷೆಯನ್ನು ಯಾವ ವಿಶ್ವವಿದ್ಯಾಲಯವೂ ಇಟ್ಟಿಲ್ಲ.

ಬೊಮ್ಮಯ್ಯ ಅಪ್ಪನ ನೆರವಿಲ್ಲದೆ ಒಬ್ಬರೇ ತುಂಬಿದ ಮೊದಲ ದೋಣಿ 'ಮಹಾಲಕ್ಷ್ಮೀ'. ದೋಣಿಯ ಯಜಮಾನಿಯ ಹೆಸರೂ ಅದೇ. ಆಚೆ ದಡದಲ್ಲಿ ಇಳಿದು ಬೆನ್ನು ತೋರಿಸಿದರೆ ಪಂಚೆ ತೊಯ್ದು ತೊಪ್ಪೆ! ಹೊಳೆಯಾಚೆಯ ಕಾಸರಕೋಡಿನ ದಂಡೆಯಲ್ಲಿ ಆ ದಿನ ನಕ್ಕ ನಗೆ ಗೇರುಸೊಪ್ಪದ ಘಟ್ಟಕ್ಕೆ ಬಡಿದು ಹಿಂದೆ ಬಂದಿತ್ತಂತೆ.

"ನೀರಲ್ಲ, ಬೆವರು. ಹೆದ್ರಿಕೆಗೆ," ಎನ್ನುತ್ತಾರೆ ಬೊಮ್ಮಯ್ಯ. "ಯಾರೂ ನಂಬ್ಲಿಲ್ಲ. ಮಹಾಲಕ್ಷ್ಮಮ್ಮ ಮಾತ್ರ ದೋಣಿಯೊಳ್ಗೆ ಇಳ್ದು ಹಲಗೆ ಮುಟ್ಟಿ ನೋಡ್ದ್ರು. ಒಣಗಿತ್ತು. 'ಇವಂಗೆ ಬೇರೆ ಪಂಚೆ ಉಡ್ಸಿ ಇನ್ನೊಂದ್ಸಲ ಕೂರ್ಸಿ' ಅಂದ್ರು. ಎರಡ್ನೇ ಸಲ ಹೆದ್ರಿಕೆ ಇರ್ಲಿಲ್ಲ." ಅಲ್ಲಿಂದ ಮುಂದೆ ಅವರ ಪಂಚೆ ಒದ್ದೆಯಾಗಲಿಲ್ಲ. ಕಪಾಟಿನ ತುಂಬ ಹೊಸ ಪಂಚೆ. ದೇವಿಯಕ್ಕ ಕಿಟಕಿ ಪರದೆಗೂ ಅದನ್ನೇ ಹೊಲಿದಿದ್ದಾರೆ.

ಆಮೇಲೆ ಫೈಬರ್ ದೋಣಿ ಬಂತು. ಅಚ್ಚಿನಲ್ಲಿ ಎರಕ ಹೊಯ್ದು ತೆಗೆದ ದೋಣಿ, ಅದಕ್ಕೆ ಸಂದಿಯೇ ಇಲ್ಲ. ಒಂದು ಮಳೆಗಾಲ ಕಳೆದು ಹೋದಾಗ ದೋಣಿ ಕಟ್ಟುವ ಚಪ್ಪರದಲ್ಲಿ ಹಲಗೆಯ ವಾಸನೆ ಹೋಗಿ ಅಂಟಿನ ಘಾಟು ತುಂಬಿತ್ತು. ಚಪ್ಪರದ ಯಜಮಾನರು ಬೊಮ್ಮಯ್ಯನವರಿಗೆ ಚಹಾ ಕುಡಿಸಿ ಮನೆಗೆ ಕಳಿಸಿದರು. ಬೇಜಾರಾಗಲಿಲ್ಲವೇ ಎಂದು ನಾನು ಕೇಳಿದೆ. ಒಳ್ಳೆ ಕಣ್ಣೀರಿನ ಸಾಲೊಂದು ಸಿಗುತ್ತದೆಂದು ಪೆನ್ನು ಹಿಡಿದೇ ಕೂತಿದ್ದೆ.

"ಆಗಿತ್ತು. ವಾರ ಊಟ ಸೇರ್ಲಿಲ್ಲ. ಆದ್ರೆ ನೀವೇ ಹೇಳಿ, ಮರದ ದೋಣಿ ದಂಡೆಗೆ ಎಳೂಕೆ ಎಷ್ಟು ಜನ ಬೇಕಿತ್ತು? ಈಗ ಅರ್ಧ ಜನ ಸಾಕು. ಹುಡುಗ್ರ ಸೊಂಟ ಉಳೀತು. ನನ್ನೊಬ್ನ ಕೆಲ್ಸ ಹೋಯ್ತು ಅಂತ ಅದ್ನ ಬೈಲಿಕ್ಕೆ ಆಗ್ತದಾ?"

ಉಳಿದ ಹತ್ತಿಯ ಮೂಟೆಯನ್ನು ಹಿಂತಿರುಗಿಸಲು ಭಟ್ಕಳಕ್ಕೆ ಹೋದಾಗ, ವರ್ಷಗಟ್ಟಲೆ ಹತ್ತಿ ಕೊಟ್ಟಿದ್ದ ಇಲ್ಯಾಸ್ ಸಾಹೇಬರು ಅವರ ಕೈ ನೋಡಿ, "ಹತ್ತಿ ಇಲ್ಲೇ ಇರಲಿ, ಕೈಯೂ ಇಲ್ಲೇ ಇರಲಿ ಬೊಮ್ಮಯ್ಯ ಭಾಯಿ" ಎಂದರು.

ಮೊದಲ ಹಾಸಿಗೆ ಒಬ್ಬ ಮದುಮಗನದ್ದು. ಬೊಮ್ಮಯ್ಯ ಅಭ್ಯಾಸಬಲದಲ್ಲಿ ದೋಣಿಯ ಸಂದಿಗೆ ತುಂಬಿದಂತೆ ತುಂಬಿದರು, ಒಂದು ಹನಿ ನೀರೂ ಹೋಗದ ಹಾಗೆ. ಹೊರಲು ನಾಲ್ಕು ಜನ ಬೇಕಾಯಿತು. ಭಟ್ಕಳ ಬಂದರಿನಲ್ಲಿ ನೀರಿಗೆ ಬಿಟ್ಟಿದ್ದರೆ ಗೋವೆ ತಲುಪುತ್ತಿತ್ತು, ಮದುಮಗನ ಸಮೇತ. ಮರುದಿನ ಬೆಳಿಗ್ಗೆ ಹಾಸಿಗೆ ವಾಪಸು ಬಂತು, ಜೊತೆಗೆ ಸೊಂಟ ಹಿಡಿದುಕೊಂಡ ಮದುಮಗನೂ ಬಂದ.

"ನಾನು ಬಯ್ಯಲಿಕ್ಕೆ ಬಾಯಿ ತೆರೆದೆ," ಎಂದು ನಗುತ್ತಾರೆ ಸಾಹೇಬರು. "ಅಷ್ಟರಲ್ಲಿ ಬೆನ್ನುನೋವಿನ ನಮ್ಮ ಅಮ್ಮ ಅದರ ಮೇಲೆ ಮಲಗಿ ಆಗಿತ್ತು. ಇವತ್ತಿಗೂ ಎದ್ದುಕೊಟ್ಟಿಲ್ಲ." ಅಂದಿನಿಂದ ಬೆನ್ನುನೋವಿನವರಿಗೆ ಗಟ್ಟಿ ಹಾಸಿಗೆ ಬೊಮ್ಮಯ್ಯನವರ ಕೈಯದ್ದೇ ಆಗಬೇಕು. ಮೆತ್ತಗೆ ತುಂಬಲು ಕಲಿಯುವುದಕ್ಕೆ ಮಾತ್ರ ಹೆಚ್ಚು ದಿನ ಹಿಡಿಯಿತು. ಈಗ ಎಳೆಮಕ್ಕಳ ದಿಂಬನ್ನೂ ಅವರಿಗೇ ಕೊಡುತ್ತಾರೆ.

ಇಷ್ಟಾದರೂ ಒಂದು ಎಳೆ ಉಳಿದಿತ್ತು. ಊರಿನ ದೋಣಿಗಳೆಲ್ಲ ಫೈಬರ್ ಆದರೂ 'ಮಹಾಲಕ್ಷ್ಮೀ' ಮರದ್ದಾಗಿಯೇ ಉಳಿದಳು. ಮಹಾಲಕ್ಷ್ಮಮ್ಮ ತೀರಿಕೊಂಡ ಮೇಲೆ ಸೊಸೆ ಕಲ್ಪನಾ ಮೇಸ್ತ ಅದನ್ನು ನಡೆಸುತ್ತಿದ್ದರು. ಪ್ರತಿ ಮಳೆಗಾಲ, ಮೀನುಗಾರಿಕೆ ನಿಂತಾಗ, ಬೊಮ್ಮಯ್ಯ ಸಾಹೇಬರಿಂದ ಒಂದು ತಿಂಗಳ ರಜೆ ಪಡೆದು ಆ ದೋಣಿಯ ಹಳೆ ಹತ್ತಿ ಕಿತ್ತು ಹೊಸದು ತುಂಬುತ್ತಿದ್ದರು. ವರ್ಷಕ್ಕೊಂದು ತಿಂಗಳು ಅವರು ಅವರೇ ಆಗಿರುತ್ತಿದ್ದರು. ಈ ಸಲ ಕಲ್ಪನಾ ಹೇಳಿಕಳಿಸಿದರು: ಬಂದು ಬಡಿದು ನೋಡಿ. ಇನ್ನೂ ಬಾಳುತ್ತಾಳೆ ಅಂದರೆ ರಿಪೇರಿ, ಇಲ್ಲವಾದರೆ ಒಡೆಯಲಿಕ್ಕೆ. ನೀವು ಹೇಳಿದ್ದೇ ಕೊನೆ.

ಶುಕ್ರವಾರ ಭಟ್ಕಳದ ಅಂಗಡಿಗೆ ರಜೆ. ಇಳಿತದ ಹೊತ್ತಿಗೆ ದೋಣಿ ಮರಳಿನ ಮೇಲೆ ಕೂತಿದೆ. ಬೊಮ್ಮಯ್ಯ ಹಳೆ ಕೊಡತಿ ಹಿಡಿದು ಬಂದಿದ್ದಾರೆ, ಬಿಳಿ ಪಂಚೆ ಉಟ್ಟು. ತಿಂಗಳ ಕೆಲಸ ಸಿಕ್ಕೇ ಸಿಗುತ್ತದೆಂದು ಮೊಂಡು ಉಳಿಯನ್ನೂ ತಿಕ್ಕಿ ಹೊಳೆಯಿಸಿ ತಂದಿದ್ದಾರೆ. ತಳದ ಹಲಗೆಗೆ ಬಡಿದರೆ ಟಣ್ ಎನ್ನುತ್ತದೆ, ಮುಖ ಅರಳುತ್ತದೆ. ಒಳಗಿಳಿದು ಹಲಗೆಗಳನ್ನು ಹಿಡಿದಿರುವ ಅಡ್ಡಮರಗಳಿಗೆ ಬಡಿಯುತ್ತಾರೆ. ಸದ್ದು ಒದ್ದೆ ಮಡಕೆಯದ್ದು. ಮತ್ತೊಂದಕ್ಕೆ ಬಡಿಯುತ್ತಾರೆ. ಅದೂ ಹಾಗೆಯೇ. ಮೊದಲಿನದಕ್ಕೇ ಮತ್ತೆ ಬಡಿಯುತ್ತಾರೆ, ಸದ್ದು ಮನಸ್ಸು ಬದಲಿಸೀತೇ ಎಂಬಂತೆ.

"ಎಂತ ಬೊಮ್ಮಯ್ಯಣ್ಣ?" ಕಲ್ಪನಾ ಕೇಳುತ್ತಾರೆ. "ಈ ಒಂದು ವರ್ಷ ಹೋಗೂದಾ?"

ಹೌದು ಅಂದರೆ ಇನ್ನೊಂದು ತಿಂಗಳು ಬೊಮ್ಮಯ್ಯನವರದ್ದು. ಕೊಡತಿಯನ್ನು ಪಂಚೆಯ ಸೊಂಟಕ್ಕೆ ಸಿಕ್ಕಿಸುತ್ತಾರೆ.

"ಹೊಳೆಗೆ ಆತು ತಂಗಿ, ಕಡಲಿಗೆ ಆಗೂದಿಲ್ಲ. ಒಳ್ಗೆ ಹುಳ ತಿಂದದೆ. ದೊಡ್ಡ ತೆರೆ ಬಂದ್ರೆ ಬಿಚ್ಕೊಳ್ತದೆ. ನಿನ್ನ ಹುಡುಗ್ರು ಕೂರೂದು ಅದ್ರಲ್ಲಿ. ಒಡೀಲಿ."

ಕಲ್ಪನಾ ಸೆರಗಿನಿಂದ ಮುಖ ಒರೆಸಿಕೊಂಡು, "ನಿಮ್ಮ ಕೆಲ್ಸ ನೀವೇ ತೆಗ್ದ್ರಲ್ಲ ಮಾರಾಯ್ರೆ" ಎನ್ನುತ್ತಾರೆ.

"ನಂಗೆ ಎಂತ ಕೆಲ್ಸಕ್ಕೆ ಬರ? ಭಟ್ಕಳದಲ್ಲಿ ಊರಿಡೀ ನಿದ್ದೆಗೆಟ್ಟು ಕಾಯ್ತದೆ," ಎಂದು ನಗುತ್ತಾರೆ. ಆಮೇಲೆ ದನಿ ತಗ್ಗಿಸಿ, "ಒಡೂಕೆ ಆಚೆ ದಡಕ್ಕೇ ಅಲ್ದಾ ಒಯ್ಯೂದು? ನಾನು ತಳದಲ್ಲಿ ಕೂರ್ತೆ."

ಉಬ್ಬರ ಬಂದು ದೋಣಿ ತೇಲುತ್ತದೆ. ಬೊಮ್ಮಯ್ಯ ತಳದ ಬರಿ ಹಲಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತಾರೆ. ತೆಂಗಿನಕಾಯಿ ಇಲ್ಲ, ವಾದ್ಯ ಇಲ್ಲ. ಮುಂದೆ ಎಳೆಯುತ್ತಿರುವುದು ಒಂದು ಫೈಬರ್ ದೋಣಿ. ಶರಾವತಿಯ ಸೇತುವೆಯ ಮೇಲೆ ಲಾರಿಗಳು ಹಾರ್ನ್ ಹೊಡೆಯುತ್ತವೆ. ಅವೆಲ್ಲ ಮರ್ಯಾದೆಗೆ ಹೊಡೆದವು ಎಂದು ನಾನು ಸಾಕ್ಷಿ ಹೇಳುತ್ತೇನೆ. ಹೊಳೆ ದಾಟುವವರೆಗೂ ಅವರು ಹಲಗೆಯ ಸಂದಿಯ ಮೇಲಿಟ್ಟ ಅಂಗೈ ಎತ್ತುವುದಿಲ್ಲ.

ಕಾಸರಕೋಡಿನ ದಂಡೆಯಲ್ಲಿ ಇಳಿದು, ಯಾರೂ ಕೇಳದಿದ್ದರೂ, ನಮಗೆ ಬೆನ್ನು ತೋರಿಸಿ ನಿಲ್ಲುತ್ತಾರೆ. ಪಂಚೆ ಗರಿಗರಿ ಒಣಗಿದೆ. ಇದನ್ನು ಮಾತ್ರ ನಾನು ಒಂದೆಳೆಯೂ ಹೆಚ್ಚಿಸಿ ಹೇಳುತ್ತಿಲ್ಲ.

"ಅಯ್ಯೋ, ಹೊಸ ಪಂಚೆ ತರೂದೇ ಮರ್ತೆ ಬೊಮ್ಮಯ್ಯಣ್ಣ," ಎನ್ನುತ್ತಾರೆ ಕಲ್ಪನಾ.

"ಬೇಡ ತಂಗಿ. ಇದು ಒಣಗೇ ಅದೆ ಅಲ್ದಾ. ನಾಳೆ ಬೆಳಿಗ್ಗೆ ಬಸ್ಸಿಗೆ ಇದನ್ನೇ ಉಟ್ಕಂಡು ಹೋಗ್ತೆ."